ಬ್ಯಾಲೆ ತರಗತಿಯಲ್ಲಿ ಇಡೀ ದೇಹ: ನಿಲುವಿನಿಂದ ನೆಗೆತದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಕನ್ನಡದಲ್ಲಿ ‘ಬ್ಯಾಲೆ’ ಎಂಬ ಮಾತನ್ನು ನಾವು ನೃತ್ಯರೂಪಕಕ್ಕೂ ಬಳಸುತ್ತ ಬಂದಿದ್ದೇವೆ. ಈ ಬರಹದ ಬ್ಯಾಲೆ ಅದಲ್ಲ. ಇಟಲಿಯ ಅರಮನೆಗಳಲ್ಲಿ ಹುಟ್ಟಿ, 1661ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಸ್ಥಾಪಿಸಿದ ರಾಜ ನೃತ್ಯ ಅಕಾಡೆಮಿಯ ಕಾಲದಿಂದ ಶಾಸ್ತ್ರದ ಚೌಕಟ್ಟು ಪಡೆದುಕೊಂಡು, ಇಂದಿಗೂ ತನ್ನ ಪಾರಿಭಾಷಿಕ ಪದಗಳನ್ನು ಫ್ರೆಂಚಿನಲ್ಲೇ ಉಳಿಸಿಕೊಂಡಿರುವ ನೃತ್ಯಪದ್ಧತಿ ಇದು. ಹೊಸದಾಗಿ ಕಲಿಯಲು ಹೊರಟ ವಯಸ್ಕರು, ಮಕ್ಕಳನ್ನು ತರಗತಿಗೆ ಕಳಿಸುವ ತಂದೆತಾಯಿಯರು, ಭರತನಾಟ್ಯ ಕಲಿತು ಇತ್ತ ಬಂದವರು, ಈ ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಶಾಲೆಯ ಪಠ್ಯಪುಸ್ತಕದಲ್ಲಿ ಅಸ್ಥಿಪಂಜರಕ್ಕೆ ಒಂದು ಅಧ್ಯಾಯ, ನರಮಂಡಲಕ್ಕೆ ಇನ್ನೊಂದು, ಉಸಿರಾಟಕ್ಕೆ ಮತ್ತೊಂದು ಇರುತ್ತದೆ. ಬ್ಯಾಲೆ ತರಗತಿಯಲ್ಲಿ ಹಾಗೆ ಗೆರೆ ಕೊರೆಯಲಾಗದು. ಅಲ್ಲಿ ತಪ್ಪು ಕಾಣಿಸುವ ಜಾಗ ಒಂದಾದರೆ ಅದು ಹುಟ್ಟುವ ಜಾಗ ಬಹಳ ಸಲ ಇನ್ನೊಂದಾಗಿರುತ್ತದೆ: ಮಂಡಿಯ ನೋವು ಸೊಂಟದ ಕೀಲಿನಿಂದ ಬಂದಿರಬಹುದು, ಏರಿದ ಭುಜ ಉಸಿರಿನ ದೋಷವಾಗಿರಬಹುದು, ತಲೆಸುತ್ತು ಕತ್ತಿನ ಸೋಮಾರಿತನವಾಗಿರಬಹುದು. ಆದ್ದರಿಂದ ತರಗತಿ ನಡೆಯುವ ಕ್ರಮದಲ್ಲೇ ಸಾಗುತ್ತ, ಪ್ರತಿ ಹಂತದಲ್ಲಿ ಏನು ಮಾಡಬೇಕು, ಆಗ ಒಳಗೆ ಯಾವ ಯಾವ ವ್ಯವಸ್ಥೆಗಳು ಕೈಜೋಡಿಸುತ್ತವೆ, ಕೆಟ್ಟರೆ ಎಲ್ಲಿ ಹುಡುಕಬೇಕು ಎಂಬುದನ್ನು ವಿವರಿಸುತ್ತೇನೆ. ಇದು ಗುರುವಿಗೆ ಬದಲಿಯಲ್ಲ. ಗುರು ಹೇಳುವ ತಿದ್ದುಪಡಿಯನ್ನು ದೇಹದಲ್ಲಿ ಪತ್ತೆಹಚ್ಚಲು ನೆರವು ಮಾತ್ರ.

ಮೊದಲ ಹಂತ: ಬಾರ್ ಹಿಡಿಯುವ ಮೊದಲು

ಗೋಡೆಯುದ್ದಕ್ಕೆ ಹಾಕಿರುವ ಬಾರ್ ಎಂಬ ಕೈಗಂಬಿಯನ್ನು ಹಿಡಿಯುವ ಮೊದಲು 15 ನಿಮಿಷ ದೇಹವನ್ನು ಬೆಚ್ಚಗಾಗಿಸಿ. ಚುರುಕಾಗಿ ನಡೆಯಿರಿ, ಹಗುರವಾಗಿ ಕುಪ್ಪಳಿಸಿ, ತೋಳುಗಳನ್ನು ತಿರುಗಿಸಿ, ಕಾಲಿನ ಹರಡನ್ನು ಸುತ್ತಿಸಿ. ಮೈ ಸಣ್ಣಗೆ ಬೆವರತೊಡಗಿದರೆ ಸಾಕು. ಹೃದಯದ ಬಡಿತ ಏರಿದಾಗ ರಕ್ತದ ಹರಿವು ಹೊಟ್ಟೆಯ ಅಂಗಗಳಿಂದ ಸ್ನಾಯುಗಳ ಕಡೆಗೆ ತಿರುಗುತ್ತದೆ. ಕೀಲುಗಳೊಳಗಿನ ಲೋಳೆಯಂಥ ದ್ರವ ಚಲನೆಯಿಂದ ತೆಳುವಾಗಿ ಮೂಳೆತುದಿಯ ಮೃದ್ವಸ್ಥಿಗೆ ಹರಡಿಕೊಳ್ಳುತ್ತದೆ. ಬೆಚ್ಚಗಾದ ನರಗಳಲ್ಲಿ ಸಂದೇಶಗಳು ಹೆಚ್ಚು ವೇಗವಾಗಿ ಓಡುತ್ತವೆ.

ಇಲ್ಲಿ ಹಲವರು ಮಾಡುವ ತಪ್ಪೆಂದರೆ, ಬಂದೊಡನೆ ನೆಲದ ಮೇಲೆ ಕಾಲು ಚಾಚಿ ಕೂತು ನಿಮಿಷಗಟ್ಟಲೆ ಸ್ನಾಯುಗಳನ್ನು ಹಿಗ್ಗಿಸುವುದು. ತಣ್ಣಗಿರುವ ಸ್ನಾಯುವನ್ನು ಹಾಗೆ ದೀರ್ಘವಾಗಿ ಎಳೆದು ಹಿಡಿದರೆ ಅದರ ಸಿಡಿಯುವ ಶಕ್ತಿ ಸ್ವಲ್ಪ ಹೊತ್ತು ಕುಗ್ಗುತ್ತದೆ, ನೆಗೆತ ಮಂಕಾಗುತ್ತದೆ. ಆ ಬಗೆಯ ಹಿಗ್ಗಿಸುವಿಕೆ ತರಗತಿಯ ಕೊನೆಗಿರಲಿ.

ಎರಡನೆಯ ಹಂತ: ನಿಲ್ಲುವುದು ಮತ್ತು ಉಸಿರಾಡುವುದು

ಪಾದಗಳನ್ನು ಸಮಾನಾಂತರವಾಗಿಟ್ಟು ನಿಲ್ಲಿ. ಹಿಮ್ಮಡಿಯ ನಡು, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ ಎಂಬ ಮೂರು ಬಿಂದುಗಳ ಮೇಲೆ ಭಾರ ಸಮನಾಗಿ ಬೀಳಲಿ. ಆ ಪಾದದ ಮೇಲೆ ಮಂಡಿ, ಮಂಡಿಯ ಮೇಲೆ ಸೊಂಟದ ಕೀಲು, ಅದರ ಮೇಲೆ ಪಕ್ಕೆಲುಬಿನ ಗೂಡು, ಅದರ ಮೇಲೆ ತಲೆ ಒಂದರ ಮೇಲೊಂದು ಪೇರಿಸಿದಂತೆ ಇರಬೇಕು. ಬೆನ್ನೆಲುಬಿನ ಸಹಜ ಬಾಗುಗಳನ್ನು ನೇರಗೊಳಿಸಲು ಹೋಗಬೇಡಿ. ಕೆಳಬೆನ್ನಿನ ಒಳಬಾಗು ನೆಗೆತದ ಆಘಾತವನ್ನು ಹೀರುವ ಸ್ಪ್ರಿಂಗು. ‘ಹಿಂಭಾಗವನ್ನು ಒಳಗೆ ಸೇರಿಸಿ’ ಎಂಬ ಹಳೆಯ ಸೂಚನೆಯನ್ನು ಅಕ್ಷರಶಃ ಪಾಲಿಸಿದವರ ಸೊಂಟದ ಕೀಲು ಬಿಗಿದುಕೊಂಡು ಮುಂದಿನ ಎಲ್ಲ ಹಂತಗಳೂ ಕಷ್ಟವಾಗುತ್ತವೆ.

ಈಗ ಅಂಗೈಗಳನ್ನು ಕೆಳಪಕ್ಕೆಲುಬುಗಳ ಎರಡು ಬದಿಗೆ ಇಟ್ಟು ಉಸಿರೆಳೆದುಕೊಳ್ಳಿ. ಕೈಗಳು ಅಗಲವಾಗಿ ಸರಿಯಬೇಕು, ಭುಜಗಳು ಮೇಲೇರಬಾರದು. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯು ಕೆಳಗಿಳಿಯುವಾಗ, ಹೊಟ್ಟೆಯನ್ನು ನಡುಪಟ್ಟಿಯಂತೆ ಸುತ್ತಿಕೊಂಡಿರುವ ಆಳದ ಸ್ನಾಯು, ಬೆನ್ನೆಲುಬಿಗೆ ಅಂಟಿಕೊಂಡ ಸಣ್ಣ ಸ್ನಾಯುಗಳು ಮತ್ತು ಕಿಬ್ಬೊಟ್ಟೆಯ ತಳದ ಸ್ನಾಯುಗಳು ಅದಕ್ಕೆ ಎದುರೊತ್ತಡ ಕೊಡುತ್ತವೆ. ಗಾಳಿ ತುಂಬಿದ ಚೆಂಡು ಗಟ್ಟಿಯಾಗುವಂತೆ ಮುಂಡ ಗಟ್ಟಿಯಾಗುವುದು ಈ ಒತ್ತಡದಿಂದಲೇ. ಉಸಿರಾಟವೂ ಬೆನ್ನಿನ ಆಧಾರವೂ ಒಂದೇ ಸ್ನಾಯುಗಳ ಜೋಡಿಕೆಲಸ ಎಂಬುದನ್ನು ಇಲ್ಲಿಯೇ ಮನಗಂಡರೆ, ಮುಂದೆ ಸಮತೋಲದ ಭಂಗಿಯಲ್ಲಿ ಉಸಿರು ಬಿಗಿಹಿಡಿಯುವ ಚಟ ಹತ್ತುವುದಿಲ್ಲ.

ಮೂರನೆಯ ಹಂತ: ಟರ್ನ್‌ಔಟ್, ಅಂದರೆ ಕಾಲನ್ನು ಹೊರಕ್ಕೆ ತಿರುಗಿಸುವುದು

ಹದಿನೇಳನೆಯ ಶತಮಾನದಲ್ಲಿ ಫ್ರೆಂಚ್ ನೃತ್ಯಗುರು ಪಿಯೆರ್ ಬೋಷಾಂ ಕ್ರಮಬದ್ಧಗೊಳಿಸಿದ ಐದು ಪಾದಸ್ಥಾನಗಳಿಗೂ ಕಾಲು ಹೊರಕ್ಕೆ ತಿರುಗಿರುವುದೇ ಅಡಿಪಾಯ. ಬ್ಯಾಲೆಯಲ್ಲಿ ಅತಿ ಹೆಚ್ಚು ವಂಚನೆ ನಡೆಯುವ ಜಾಗವೂ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ತೊಡೆಮೂಳೆಯ ದುಂಡನೆಯ ತಲೆ ಸೊಂಟದ ಮೂಳೆಯ ಬಟ್ಟಲಿನಲ್ಲಿ ಕೂತಿರುತ್ತದೆ. ತಿರುವಿನ ಬಹುಪಾಲು ಇಲ್ಲಿಂದಲೇ ಬರಬೇಕು. ಪೃಷ್ಠದ ದೊಡ್ಡ ಸ್ನಾಯುವಿನ ಕೆಳಗೆ ಅಡಗಿರುವ ಆರು ಚಿಕ್ಕ ಸ್ನಾಯುಗಳು ತೊಡೆಮೂಳೆಯನ್ನು ಹೊರಕ್ಕೆ ಸುತ್ತಿಸುತ್ತವೆ. ಎಷ್ಟು ಸುತ್ತಬಹುದು ಎಂಬುದನ್ನು ಬಟ್ಟಲಿನ ಆಳ ಮತ್ತು ದಿಕ್ಕು, ತೊಡೆಮೂಳೆಯ ಕತ್ತಿನ ಕೋನ, ಕೀಲಿನ ಮುಂಭಾಗದ ಬಲವಾದ ಅಸ್ಥಿರಜ್ಜು ಇವು ನಿರ್ಧರಿಸುತ್ತವೆ. ಮೂಳೆಯ ಆಕಾರವನ್ನು ಅಭ್ಯಾಸ ಬದಲಿಸದು. ಇರುವ ತಿರುವನ್ನು ಪೂರ್ತಿ ಬಳಸುವ ಸ್ನಾಯುಬಲವನ್ನಷ್ಟೇ ಗಳಿಸಬಹುದು.

ನಿಮ್ಮ ಪಾಲು ಎಷ್ಟೆಂದು ತಿಳಿಯಲು ಬೋರಲು ಮಲಗಿ, ಒಂದು ಮಂಡಿಯನ್ನು ಲಂಬಕೋನಕ್ಕೆ ಮಡಚಿ, ಸೊಂಟ ನೆಲದಿಂದ ಏಳದಂತೆ ನೋಡಿಕೊಳ್ಳುತ್ತ ಮೊಣಕಾಲಿನ ಕೆಳಭಾಗವನ್ನು ಇನ್ನೊಂದು ಕಾಲಿನ ಕಡೆಗೆ ನಿಧಾನವಾಗಿ ವಾಲಿಸಿ. ಅದು ಎಷ್ಟು ವಾಲುತ್ತದೆಯೋ ಅಷ್ಟೇ ನಿಮ್ಮ ಸೊಂಟದ ಹೊರತಿರುವು. ಬಳಿಕ ಎದ್ದು, ಹಿಮ್ಮಡಿಗಳನ್ನು ಕೂಡಿಸಿ, ಮಂಡಿ ಮಡಚದೆ, ತೊಡೆಯಿಂದಲೇ ಸುತ್ತಿ ಮೊದಲ ಸ್ಥಾನಕ್ಕೆ ಬನ್ನಿ. ಪಾದಗಳು ನಿಲ್ಲುವ ಆ ಕೋನವೇ ನಿಮ್ಮ ಪ್ರಾಮಾಣಿಕ ಮೊದಲ ಸ್ಥಾನ. ಅದು 180 ಡಿಗ್ರಿ ಆಗಿರುವುದು ಬಹಳ ಅಪರೂಪ.

ವಂಚನೆ ನಡೆಯುವುದು ಹೀಗೆ. ಮಂಡಿ ಮಡಚಿದಾಗ ಅದರ ಕೀಲು ಸ್ವಲ್ಪ ತಿರುಗಲು ಎಡೆಗೊಡುತ್ತದೆ. ನೇರವಾದಾಗ ಬೀಗ ಹಾಕಿಕೊಳ್ಳುತ್ತದೆ. ಮಂಡಿ ಮಡಚಿ, ಪಾದವನ್ನು ನೆಲಕ್ಕೆ ಕಚ್ಚಿಸಿ ಹೊರಕ್ಕೆ ದೂಡಿ, ಆಮೇಲೆ ಮಂಡಿ ನೇರ ಮಾಡಿದರೆ ಪಾದ ಚೆಂದವಾಗಿ ಹೊರಮುಖವಾಗಿ ಕಾಣುತ್ತದೆ. ಆದರೆ ತೊಡೆ ಒಂದು ದಿಕ್ಕಿಗೆ, ಕೆಳಗಾಲು ಇನ್ನೊಂದು ದಿಕ್ಕಿಗೆ ಹಿಂಡಿಕೊಂಡಿರುತ್ತವೆ, ಪಾದದ ಕಮಾನು ಒಳಕ್ಕೆ ಕುಸಿದಿರುತ್ತದೆ. ಮಂಡಿಯ ಒಳಬದಿಯ ನೋವು, ಹೆಬ್ಬೆರಳಿನ ಬುಡದ ಗಂಟು, ಕೆಳಗಾಲಿನ ಮುಂಭಾಗದ ನೋವು ಇವುಗಳ ಬೇರನ್ನು ಮೊದಲು ಇಲ್ಲಿ ಹುಡುಕಿ. ಮಂಡಿಚಿಪ್ಪು ಪಾದದ ಎರಡನೆಯ ಬೆರಳಿನ ನೇರಕ್ಕೆ ನೋಡುತ್ತಿದೆಯೇ ಎಂಬುದೇ ಪರೀಕ್ಷೆ.

ನಾಲ್ಕನೆಯ ಹಂತ: ಪ್ಲಿಯೆ

ಬೆನ್ನು ನೆಟ್ಟಗಿಟ್ಟು ಮಂಡಿಗಳನ್ನು ಪಾದದ ದಿಕ್ಕಿನಲ್ಲೇ ಮಡಚುತ್ತ ಇಳಿಯಿರಿ, ಹಿಮ್ಮಡಿ ಏಳುವ ಮೊದಲೇ ಹಿಂದಿರುಗಿ. ಇದು ಅರ್ಧ ಪ್ಲಿಯೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಉದ್ದವಾಗುತ್ತಲೇ ಭಾರವನ್ನು ತಡೆಹಿಡಿಯುತ್ತವೆ. ಏಳುವಾಗ ಅವು ಸಂಕುಚಿಸುತ್ತವೆ, ಒಳತೊಡೆಯ ಸ್ನಾಯುಗಳು ಕಾಲುಗಳನ್ನು ಮತ್ತೆ ಕೂಡಿಸುತ್ತವೆ.

ಭರತನಾಟ್ಯದ ಅರಮಂಡಿಯಲ್ಲಿ, ಅಂದರೆ ಮಂಡಿಗಳನ್ನು ಹೊರಕ್ಕೆ ಅರ್ಧ ಮಡಚಿ ನಿಲ್ಲುವ ಭಂಗಿಯಲ್ಲಿ, ಪಳಗಿದವರಿಗೆ ಇದು ಚಿರಪರಿಚಿತವಾಗಿ ತೋರುತ್ತದೆ, ತೊಡಕಿರುವುದೂ ಅಲ್ಲೇ. ಅರಮಂಡಿ ನರ್ತಕಿ ನೆಲೆನಿಲ್ಲುವ ಮನೆ. ಪ್ಲಿಯೆ ಹಾದುಹೋಗುವ ದಾರಿ. ಅರಮಂಡಿಯಲ್ಲಿ ಸ್ನಾಯು ಒಂದೇ ಉದ್ದದಲ್ಲಿ ದೀರ್ಘಕಾಲ ಬಿಗಿದು ನಿಲ್ಲಲು ಕಲಿತಿರುತ್ತದೆ. ಪ್ಲಿಯೆಯಲ್ಲಿ ಅದು ಎಲ್ಲೂ ನಿಲ್ಲದೆ ಇಳಿದು ಏರಬೇಕು. ತಳಕ್ಕೆ ಬಂದು ಕೂತರೆ ಸ್ನಾಯುರಜ್ಜುಗಳಲ್ಲಿ ಕೂಡಿಟ್ಟ ಸ್ಥಿತಿಸ್ಥಾಪಕ ಶಕ್ತಿ ಸೋರಿಹೋಗುತ್ತದೆ. ಭರತನಾಟ್ಯದ ತೊಡೆಬಲ ದೊಡ್ಡ ಆಸ್ತಿ ನಿಜ. ಅದನ್ನು ಹರಿಯಲು ಬಿಡುವುದನ್ನಷ್ಟೇ ಹೊಸದಾಗಿ ಕಲಿಯಬೇಕು.

ಐದನೆಯ ಹಂತ: ಪಾದವನ್ನು ಎಚ್ಚರಿಸುವುದು

ಒಂದು ಪಾದದಲ್ಲಿ 26 ಮೂಳೆಗಳಿವೆ. ತಾಂದ್ಯೂ ಎಂಬ ಅಭ್ಯಾಸದಲ್ಲಿ ಆ ಪಾದವನ್ನು ನೆಲಕ್ಕೆ ಉಜ್ಜುತ್ತ ಹೊರಚಾಚುವಾಗ ಮೊದಲು ಹಿಮ್ಮಡಿ, ಆಮೇಲೆ ಪಾದದ ನಡು, ಕೊನೆಗೆ ಬೆರಳಿನ ಬುಡ ನೆಲ ಬಿಡಬೇಕು. ಹಿಂದಿರುಗುವಾಗ ಅದೇ ಕ್ರಮ ತಿರುಗುಮುರುಗು. ಬೆರಳುಗಳನ್ನು ಮುದುಡಬೇಡಿ. ಮುದುಡಿದರೆ ಕೆಳಗಾಲಿನ ಉದ್ದ ಸ್ನಾಯುಗಳು ಕೆಲಸ ಕಸಿದುಕೊಳ್ಳುತ್ತವೆ, ಕಮಾನನ್ನು ಎತ್ತಿ ಹಿಡಿಯುವ ಪಾದದೊಳಗಿನ ಚಿಕ್ಕ ಸ್ನಾಯುಗಳು ಮಲಗಿಯೇ ಇರುತ್ತವೆ. ಅಂಗಾಲಿನ ಚರ್ಮದಲ್ಲಿ ಒತ್ತಡವನ್ನು ಅಳೆಯುವ ನರತುದಿಗಳು ದಟ್ಟವಾಗಿವೆ. ನೂರಾರು ತಾಂದ್ಯೂಗಳು ಬೇಸರದ ಕವಾಯತಾಗಿ ಕಂಡರೂ, ಮಿದುಳಿಗೆ ನೆಲದ ನಕ್ಷೆಯನ್ನು ಬರೆದುಕೊಡುವ ಪಾಠವದು.

ಬಳಿಕ ರೆಲೆವೆ: ಹಿಮ್ಮಡಿ ಎತ್ತಿ ಪಾದದ ಮುಂಭಾಗದ ಮೇಲೆ ನಿಲ್ಲುವುದು. ಮೀನಖಂಡದ ಎರಡು ಸ್ನಾಯುಗಳು ಹಿಮ್ಮಡಿಯ ದಪ್ಪ ಸ್ನಾಯುರಜ್ಜುವಿನ ಮೂಲಕ ಎತ್ತುತ್ತವೆ. ಭಾರ ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ನಡುವೆ ಬೀಳಬೇಕು. ಕಿರುಬೆರಳಿನ ಕಡೆಗೆ ಸರಿದರೆ ಕಾಲು ಉಳುಕುವುದು ಖಂಡಿತ. ಅದನ್ನು ತಡೆಯುವುದು ಕೆಳಗಾಲಿನ ಹೊರಬದಿಯ ಸ್ನಾಯುಗಳು. ಅಂದಹಾಗೆ, ಮೀನಖಂಡ ಹಿಂಡಿಕೊಂಡಾಗಲೆಲ್ಲ ಅಶುದ್ಧ ರಕ್ತ ಕವಾಟಗಳಿರುವ ಅಭಿಧಮನಿಗಳ ಮೂಲಕ ಹೃದಯದ ಕಡೆಗೆ ಮೇಲೇರುತ್ತದೆ. ರೆಲೆವೆ ಮಾಡುವ ನರ್ತಕಿ ತನಗರಿವಿಲ್ಲದೆ ರಕ್ತಪರಿಚಲನೆಯ ಎರಡನೆಯ ಪಂಪನ್ನು ಒತ್ತುತ್ತಿರುತ್ತಾಳೆ.

ಬೆರಳತುದಿಯ ಮೇಲೆ ನಿಲ್ಲುವ ಪ್ವಾಂಟ್ ವಿದ್ಯೆ 1832ರಲ್ಲಿ ಪ್ಯಾರಿಸ್ಸಿನಲ್ಲಿ ಮರಿ ತಾಲ್ಯೋನಿ ‘ಲಾ ಸಿಲ್ಫೀದ್’ನಲ್ಲಿ ಕುಣಿದ ಮೇಲೆ ಬ್ಯಾಲೆಯ ಗುರುತೇ ಆಗಿಬಿಟ್ಟಿತು. ಬಟ್ಟೆ, ಕಾಗದ, ಅಂಟುಗಳ ಪದರಗಳಿಂದ ಮಾಡಿದ ಪಾದರಕ್ಷೆಯ ಗಡುಸು ತುದಿ ಭಾರ ಹೊರಲು ನೆರವಾಗುತ್ತದೆ, ಆದರೆ ಎತ್ತುವ ಕೆಲಸ ಪಾದದ್ದೇ. ‘ಮಗಳಿಗೆ ಯಾವಾಗ ಪ್ವಾಂಟ್ ಕೊಡಿಸಲಿ?’ ಎಂದು ತಾಯಂದಿರು ಕೇಳುತ್ತಾರೆ. ಸಾಮಾನ್ಯವಾಗಿ 11 ಅಥವಾ 12ರ ಸುಮಾರಿಗೆ ಎಂದು ಹೇಳುವುದುಂಟಾದರೂ ನಾನು ವಯಸ್ಸಿಗಿಂತ ಬಲವನ್ನೇ ನೋಡುವವರ ಪಕ್ಷ: ಹಲವು ವರ್ಷದ ಕ್ರಮಬದ್ಧ ಅಭ್ಯಾಸ, ಒಂಟಿಕಾಲಿನಲ್ಲಿ ಓಲಾಡದೆ ಮಾಡುವ ಸಾಲು ರೆಲೆವೆ, ಕುಸಿಯದ ಕಮಾನು. ಮಕ್ಕಳ ಮೂಳೆಗಳ ಬೆಳವಣಿಗೆಯ ಪಟ್ಟಿಗಳು ಇನ್ನೂ ಮೃದುವಾಗಿರುವುದರಿಂದ ಆತುರ ಸಲ್ಲದು.

ಆರನೆಯ ಹಂತ: ಸಮತೋಲ, ಆಮೇಲೆ ಸುತ್ತು

ಸಮತೋಲದ ಸುದ್ದಿ ಮಿದುಳಿಗೆ ಮೂರು ಕಡೆಯಿಂದ ಬರುತ್ತದೆ: ಕಣ್ಣು, ಒಳಕಿವಿ, ಮತ್ತು ಸ್ನಾಯು, ರಜ್ಜು, ಕೀಲುಗಳಲ್ಲಿ ಹುದುಗಿರುವ ಸಂವೇದಕಗಳು. ಕನ್ನಡಿಯ ಮುಂದೆ ಮಾತ್ರ ಅಭ್ಯಾಸ ಮಾಡಿದವರು ಕಣ್ಣಿನ ಮೇಲೇ ಭಾರ ಹಾಕಿರುತ್ತಾರೆ; ಕತ್ತಲ ಸಭಾಂಗಣದೆದುರು ನಿಂತಾಗ ಅವರ ಕಾಲು ನಡುಗುತ್ತದೆ. ಆದ್ದರಿಂದ ದಿನವೂ ಬಾರ್ ಪಕ್ಕದಲ್ಲಿ ಒಂಟಿಕಾಲಿನಲ್ಲಿ ನಿಂತು 30 ಸೆಕೆಂಡು ಕಣ್ಣು ಮುಚ್ಚಿ. ಹರಡಿನ ಸುತ್ತ ಸಣ್ಣ ಸಣ್ಣ ಮಿಡಿತಗಳು ಕಾಣುತ್ತವೆ. ನರಮಂಡಲ ಕ್ಷಣಕ್ಷಣವೂ ಮಾಡುತ್ತಿರುವ ತಿದ್ದುಪಡಿಗಳವು. ಅವನ್ನು ನಿಲ್ಲಿಸಲು ಮೈ ಮರಗಟ್ಟಿಸಬೇಡಿ.

ಈಗ ಪಿರುಯೆಟ್, ಅಂದರೆ ಒಂಟಿಕಾಲಿನ ಸುತ್ತು. ನಾಲ್ಕನೆಯ ಸ್ಥಾನದಲ್ಲಿ, ಅಂದರೆ ಒಂದು ಪಾದ ಇನ್ನೊಂದರ ಮುಂದೆ ತುಸು ಅಂತರದಲ್ಲಿರುವಂತೆ ನಿಂತು, ಪ್ಲಿಯೆಗೆ ಇಳಿಯಿರಿ. ಎರಡೂ ಪಾದಗಳಿಂದ ನೆಲವನ್ನು ದೂಡಿ ಒಂದು ಕಾಲಿನ ರೆಲೆವೆಗೆ ಏರಿ. ಇನ್ನೊಂದು ಪಾದದ ತುದಿಯನ್ನು ಮಂಡಿಯ ಪಕ್ಕಕ್ಕೆ ತನ್ನಿ. ತೆರೆದ ತೋಳುಗಳನ್ನು ಎದೆಯ ಮುಂದೆ ಕೂಡಿಸಿ. ಸುತ್ತುವ ಬಲ ಹುಟ್ಟುವುದು ನೆಲದೊಡನೆ ಪಾದಗಳ ಘರ್ಷಣೆಯಿಂದ, ನೆಲ ಬಿಡುವ ಮೊದಲ ಆ ಗಳಿಗೆಯಲ್ಲಿ ಮಾತ್ರ. ಆಮೇಲೆ ತೋಳು ಕೂಡಿಸಿದರೆ ವೇಗ ಹೆಚ್ಚುತ್ತದೆ, ಬಿಚ್ಚಿದರೆ ತಗ್ಗುತ್ತದೆ. ಹೊಸ ಬಲವೇನೂ ಸೇರುವುದಿಲ್ಲ. ಭುಜವನ್ನು ಬೀಸಿ ಸುತ್ತಲು ಹೊರಟರೆ ಅಕ್ಷ ಓರೆಯಾಗುತ್ತದೆ.

ತಲೆ ಸುತ್ತುವುದೇಕೆ? ಪ್ರತಿ ಒಳಕಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿದ್ದು ಅವುಗಳಲ್ಲಿ ದ್ರವವಿದೆ. ತಲೆ ತಿರುಗತೊಡಗಿದಾಗ ದ್ರವ ಹಿಂದುಳಿದು ಸೂಕ್ಷ್ಮ ರೋಮಕೋಶಗಳನ್ನು ಬಾಗಿಸುತ್ತದೆ. ಮಿದುಳು ಅದನ್ನು ‘ತಿರುಗುತ್ತಿದ್ದೇನೆ’ ಎಂದು ಓದಿಕೊಳ್ಳುತ್ತದೆ. ತಿರುಗುತ್ತಲೇ ಇದ್ದರೆ ದ್ರವವೂ ಜೊತೆಗೆ ಸುತ್ತತೊಡಗುತ್ತದೆ. ನಾವು ನಿಂತ ಮೇಲೂ ಅದು ಸುತ್ತುತ್ತಿರುವುದರಿಂದ ಕಣ್ಣು ನಿಂತ ಲೋಕವನ್ನು ಕಂಡರೆ ಕಿವಿ ತಿರುಗುವ ಲೋಕವನ್ನು ವರದಿ ಮಾಡುತ್ತದೆ.

ನರ್ತಕರು ಇದಕ್ಕೆ ಕಂಡುಕೊಂಡ ಉಪಾಯ ‘ಸ್ಪಾಟಿಂಗ್’. ಕಣ್ಣಿನ ಮಟ್ಟದಲ್ಲಿ ಒಂದು ಗುರುತನ್ನು ಆಯ್ದುಕೊಳ್ಳಿ. ಮೈ ತಿರುಗಿದರೂ ಮುಖ ಸಾಧ್ಯವಾದಷ್ಟು ಹೊತ್ತು ಅತ್ತಲೇ ಇರಲಿ. ಕತ್ತು ಇನ್ನು ತಾಳದು ಎನ್ನುವಾಗ ತಲೆಯನ್ನು ಚಟಕ್ಕನೆ ತಿರುಗಿಸಿ ಮತ್ತೆ ಅದೇ ಗುರುತನ್ನು ಹಿಡಿಯಿರಿ. ಇದರಿಂದ ಕಣ್ಣಿಗೆ ಪ್ರತಿ ಸುತ್ತಿನಲ್ಲೂ ನೆಲೆ ಸಿಗುತ್ತದೆ, ತಲೆಯ ತಿರುಗಾಟ ಒಂದೇ ಸಮನೆ ಸಾಗದೆ ತುಂಡುತುಂಡಾಗುತ್ತದೆ. ಮೊದಲು ಎರಡೂ ಪಾದ ನೆಲದ ಮೇಲಿಟ್ಟು, ಪುಟ್ಟ ಹೆಜ್ಜೆಗಳಿಂದ ನಿಧಾನವಾಗಿ ಸುತ್ತುತ್ತ ಕಲಿಯಿರಿ. ತಲೆ ಓರೆಯಾಗಬಾರದು, ದವಡೆ ಬಿಗಿಯಬಾರದು. ವರ್ಷಗಟ್ಟಲೆಯ ಅಭ್ಯಾಸ ಮಿದುಳನ್ನೂ ಒಗ್ಗಿಸುತ್ತದೆ: 2013ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಬ್ಯಾಲೆ ನರ್ತಕಿಯರನ್ನು ದೋಣಿ ಹುಟ್ಟುಹಾಕುವ ಕ್ರೀಡಾಪಟುಗಳೊಡನೆ ಹೋಲಿಸಿ ನೋಡಿದಾಗ, ಒಳಕಿವಿಯ ಸಂಕೇತಗಳನ್ನು ಸಂಸ್ಕರಿಸುವ ಕಿರುಮಿದುಳಿನ ಒಂದು ಭಾಗ ನರ್ತಕಿಯರಲ್ಲಿ ಚಿಕ್ಕದಾಗಿತ್ತು. ಕಿವಿಯ ದೂರನ್ನು ಮಿದುಳು ಕ್ರಮೇಣ ಕಡೆಗಣಿಸಲು ಕಲಿಯುತ್ತದೆಂದು ಅವರು ಅದನ್ನು ಅರ್ಥೈಸಿದರು. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪಿಯೆರೀನಾ ಲೆನ್ಯಾನಿ ‘ಸ್ವಾನ್ ಲೇಕ್’ನಲ್ಲಿ ಒಂದೇ ಕಾಲಿನ ಮೇಲೆ 32 ಫುಯೆತೆ ಸುತ್ತುಗಳನ್ನು (ಎತ್ತಿದ ಕಾಲನ್ನು ಚಾವಟಿಯಂತೆ ಬೀಸುತ್ತ ಹಾಕುವ ಸುತ್ತುಗಳನ್ನು) ಹಾಕಿದ್ದು ಇಂಥ ಪಳಗುವಿಕೆಯಿಂದಲೇ ಸಾಧ್ಯವಾಗಿರಬೇಕು.

ಏಳನೆಯ ಹಂತ: ಎತ್ತಿದ ಕಾಲು

ನಿಧಾನಗತಿಯ ಅಭ್ಯಾಸದಲ್ಲಿ ಕಾಲನ್ನು ಮಡಚಿ ಎತ್ತಿ ಗಾಳಿಯಲ್ಲಿ ಬಿಚ್ಚುವಾಗ ತೊಡೆಯ ಮುಂಭಾಗ ಉರಿಯುತ್ತದೆ. ಸೊಂಟದ ಮಟ್ಟಕ್ಕಿಂತ ಮೇಲೆ ಆ ಸ್ನಾಯು ಕುಗ್ಗಿ ಬಲಗುಂದಿರುತ್ತದೆ. ಅಲ್ಲಿ ಎತ್ತಬೇಕಾದದ್ದು ಕೆಳಬೆನ್ನೆಲುಬಿನಿಂದ ತೊಡೆಮೂಳೆಗೆ ಇಳಿಯುವ ಆಳದ ಸ್ನಾಯು. ತೊಡೆಯನ್ನು ಚೆನ್ನಾಗಿ ಹೊರಕ್ಕೆ ಸುತ್ತಿದರೆ ತೊಡೆಮೂಳೆಯ ಪಕ್ಕದ ಉಬ್ಬು ಹಿಂದೆ ಸರಿದು ದಾರಿ ಬಿಡುತ್ತದೆ. ಅರಬೆಸ್ಕ್‌ನಲ್ಲಿ ಕಾಲು ಹಿಂದಕ್ಕೆ ಏರುವಾಗ ಸೊಂಟದ ಕೀಲು ಕೊಡುವ ಅವಕಾಶ ಬಹಳ ಕಡಿಮೆ. ಉಳಿದದ್ದನ್ನು ಬೆನ್ನೆಲುಬು ಕೊಡಬೇಕು. ಅದನ್ನು ಎದೆಯ ಹಿಂಭಾಗದ ಕಶೇರುಗಳಿಗೂ ಹಂಚಿ, ಹೊಟ್ಟೆಯ ಆಧಾರ ಬಿಡಬೇಡಿ. ಎಲ್ಲವನ್ನೂ ಕೆಳಬೆನ್ನಿನ ಒಂದೆರಡು ಕಶೇರುಗಳೇ ಹೊತ್ತರೆ ಅಲ್ಲಿ ಬಿರುಕು ಬಿಡುವ ಅಪಾಯವಿದೆ.

ಎಂಟನೆಯ ಹಂತ: ನೆಗೆತ ಮತ್ತು ಇಳಿತ

ನೆಗೆಯುವ ಮೊದಲು ಪ್ಲಿಯೆ ಇರಲೇಬೇಕು. ಆ ಇಳಿತದಲ್ಲಿ ಹಿಗ್ಗಿದ ಹಿಮ್ಮಡಿಯ ರಜ್ಜು ರಬ್ಬರಿನಂತೆ ಶಕ್ತಿಯನ್ನು ಕೂಡಿಟ್ಟು ಮರುಕ್ಷಣ ಹಿಂದಿರುಗಿಸುತ್ತದೆ. ಸೊಂಟ, ಮಂಡಿ, ಹರಡು, ಬೆರಳು ಈ ಕ್ರಮದಲ್ಲಿ ಬಿಚ್ಚಿಕೊಳ್ಳಬೇಕು, ಬೆರಳು ಕೊನೆಗೆ ನೆಲ ಬಿಡಬೇಕು. ಗ್ರಾಂ ಜೆತೆ ಎಂಬ ದೊಡ್ಡ ಹಾರುವಿಕೆಯಲ್ಲಿ ನರ್ತಕಿ ಗಾಳಿಯಲ್ಲಿ ಒಂದು ಗಳಿಗೆ ತೇಲಿದಂತೆ ಕಾಣುವುದು ಬರಿಯ ಕಣ್ಕಟ್ಟು. ನೆಲ ಬಿಟ್ಟ ಮೇಲೆ ದೇಹದ ಗುರುತ್ವಕೇಂದ್ರ ಎಸೆದ ಕಲ್ಲಿನಂತೆಯೇ ಬಾಗಿದ ದಾರಿಯಲ್ಲಿ ಸಾಗುತ್ತದೆ. ಆದರೆ ಮೇಲ್ತುದಿ ಸಮೀಪಿಸುವಾಗ ಕಾಲು ತೋಳುಗಳನ್ನು ಎತ್ತಿದರೆ ಆ ಕೇಂದ್ರ ದೇಹದೊಳಗೇ ಮೇಲಕ್ಕೆ ಸರಿಯುತ್ತದೆ. ಹಾಗಾಗಿ ತಲೆ ಮತ್ತು ಮುಂಡ ಏರದೆ ಇಳಿಯದೆ ಒಂದೇ ಮಟ್ಟದಲ್ಲಿ ಸಾಗುತ್ತವೆ. ನೋಡುವವರ ಕಣ್ಣು ಹಿಂಬಾಲಿಸುವುದು ತಲೆಯನ್ನೇ.

ಇಳಿತ ಇದಕ್ಕಿಂತ ಕಷ್ಟ. ದೇಹದ ತೂಕದ ಹಲವು ಪಟ್ಟು ಬಲ ಕ್ಷಣಾರ್ಧದಲ್ಲಿ ಕಾಲಿಗೆ ಬಡಿಯುತ್ತದೆ. ಬೆರಳು, ಪಾದದ ಮುಂಭಾಗ, ಹಿಮ್ಮಡಿ ಈ ಕ್ರಮದಲ್ಲಿ ನೆಲ ಮುಟ್ಟಿ ಕೂಡಲೇ ಪ್ಲಿಯೆಗೆ ಇಳಿಯಿರಿ. ಪಾದ ನೆಲ ಮುಟ್ಟುವ ಮುನ್ನವೇ ಮಿದುಳು ಸ್ನಾಯುಗಳನ್ನು ಬಿಗಿಗೊಳಿಸಿರುತ್ತದೆ; ನೆಲ ಮುಟ್ಟಿದ ಮೇಲೆ ಬರುವ ಪ್ರತಿವರ್ತನೆ ಆ ಆಘಾತಕ್ಕೆ ತಡವಾದೀತು. ದಣಿದಾಗ ಈ ಮುಂಗಾಣುವಿಕೆ ಕೆಡುವುದರಿಂದಲೇ ತರಗತಿಯ ಕೊನೆಯ ನೆಗೆತಗಳಲ್ಲಿ ಎಚ್ಚರ ಹೆಚ್ಚಿರಬೇಕು. ಇಳಿಯುವ ಸದ್ದನ್ನು ಆಲಿಸಿ: ‘ಧಪ್’ ಎಂದರೆ ಆಘಾತವನ್ನು ಸ್ನಾಯುವಿನ ಬದಲು ಮೂಳೆ ಹೊತ್ತಿದೆ. ಪಾದವನ್ನು ಪೂರ್ತಿ ತಟ್ಟಿ ನಾದ ಹೊಮ್ಮಿಸಲು ಕಲಿತ ನಮ್ಮ ಭರತನಾಟ್ಯದವರಿಗೆ ಈ ಮೌನ ಕೆಲವು ತಿಂಗಳ ಸಾಧನೆ. ನೆಲವೂ ಮುಖ್ಯ, ಕಾಂಕ್ರೀಟಿನ ಮೇಲೆ ನೇರವಾಗಿ ಹಾಸಿದ ಟೈಲ್ಸ್ ನೆಲದಲ್ಲಿ ನೆಗೆತಗಳನ್ನು ಮಾಡಿಸುವ ತರಗತಿಗೆ ನಾನಂತೂ ಮಕ್ಕಳನ್ನು ಕಳಿಸಲಾರೆ.

ಒಂಬತ್ತನೆಯ ಹಂತ: ಒಂದೂವರೆ ನಿಮಿಷದ ಏಕವ್ಯಕ್ತಿ ನೃತ್ಯ

ಬಾರ್ ಅಭ್ಯಾಸದಲ್ಲಿ ಉಸಿರು ಅಷ್ಟಾಗಿ ಏರುವುದಿಲ್ಲ. ರಂಗದ ಮೇಲಿನ ಏಕವ್ಯಕ್ತಿ ನೃತ್ಯ ಒಂದೆರಡು ನಿಮಿಷದ್ದಾದರೂ ಓಟದ ಪಂದ್ಯದಷ್ಟೇ ದಣಿಸುತ್ತದೆ. ಸ್ನಾಯುವಿನಲ್ಲಿ ಸಿದ್ಧವಿರುವ ಶಕ್ತಿ ಸುಮಾರು ಹತ್ತು ಸೆಕೆಂಡಿನ ಭರಪೂರ ಶ್ರಮಕ್ಕೆ ಸಾಕಾಗುತ್ತದೆ. ಮುಂದೆ ಆಮ್ಲಜನಕಕ್ಕೆ ಕಾಯದೆ ಸಕ್ಕರೆಯನ್ನು ಒಡೆಯುವ ದಾರಿ ಹಿಡಿಯಬೇಕು. ಜೊತೆಗೇ ಹೃದಯ ಶ್ವಾಸಕೋಶಗಳು ವೇಗ ಕೂಡಿಸಿಕೊಳ್ಳುತ್ತವೆ. ತರಗತಿಯೊಂದರಿಂದಲೇ ಈ ದಮ್ಮು ಬರುವುದಿಲ್ಲ. ವಾರಕ್ಕೆ ಎರಡು ಮೂರು ಸಲ ಈಜು, ಸೈಕಲ್ ಅಥವಾ ಬಿರುಸು ನಡಿಗೆಯನ್ನು ಸೇರಿಸಿಕೊಳ್ಳಿ. ಜೊತೆಗೆ ನೃತ್ಯದ ಹೆಜ್ಜೆಗಳ ಮೇಲೆ ಉಸಿರಿನ ಜಾಗಗಳನ್ನೂ ಗುರುತಿಸಿ: ತೋಳು ತೆರೆಯುವಾಗ ಒಳಗೆ, ಇಳಿತದ ಪ್ಲಿಯೆಯಲ್ಲಿ ಹೊರಗೆ. ರಂಗದ ಅಂಚಿನಲ್ಲಿ ಅಡ್ರಿನಲಿನ್ ಏರಿ ಎದೆ ಬಡಿದುಕೊಳ್ಳುವಾಗ ಹೊರಹಾಕುವ ಉಸಿರನ್ನು ನಾಲ್ಕಾರು ಸಲ ಉದ್ದ ಮಾಡಿದರೆ ಬಡಿತ ತುಸು ಇಳಿಯುತ್ತದೆ.

ಹತ್ತನೆಯ ಹಂತ: ತರಗತಿ ಮುಗಿದ ಮೇಲೆ

ಥಟ್ಟನೆ ಕೂರದೆ ಐದು ನಿಮಿಷ ನಡೆಯಿರಿ. ಕಾಲಿನ ರಕ್ತ ಮೇಲೇರಲು ಮೀನಖಂಡದ ಪಂಪು ಬೇಕು. ಸ್ನಾಯು ಹಿಗ್ಗಿಸುವ ಅಭ್ಯಾಸಕ್ಕೆ ಈಗ ಹೊತ್ತು. ನೀರು ಕುಡಿದು, ಒಂದು ಗಂಟೆಯೊಳಗೆ ಪಿಷ್ಟವೂ ಪ್ರೋಟೀನೂ ಇರುವ ಊಟ ಮಾಡಿ. ಮೊಸರನ್ನ, ಬೇಳೆಸಾರಿನ ಜೊತೆ ರಾಗಿಮುದ್ದೆ, ಮೊಟ್ಟೆ ಯಾವುದಾದರೂ ಸರಿ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ದಿನವಿಡೀ ಒಳಾಂಗಣದಲ್ಲೇ ಕಳೆಯುವ ನರ್ತಕರಿಗೆ ವಿಟಮಿನ್ ಡಿ ಕೊರತೆಯಾಗುವುದು ಸಾಮಾನ್ಯವಾದ್ದರಿಂದ ಬಿಸಿಲೂ ಬೇಕು. ಕಲಿತ ಹೆಜ್ಜೆ ಮಿದುಳಿನಲ್ಲಿ ಗಟ್ಟಿಯಾಗುವುದೂ ಸವೆದ ಅಂಗಾಂಶ ದುರಸ್ತಿಯಾಗುವುದೂ ನಿದ್ದೆಯಲ್ಲಿ.

ತೆಳ್ಳಗಿರಬೇಕೆಂಬ ಒತ್ತಡ ಈ ಕಲೆಯಲ್ಲಿ ಹಿಂದಿನಿಂದಲೂ ಇದೆ, ಅದು ಮಾಡಿರುವ ಹಾನಿಯೂ ದೊಡ್ಡದು. ಶ್ರಮಕ್ಕೆ ತಕ್ಕ ಊಟವಿಲ್ಲದಿದ್ದರೆ ದೇಹ ಮೊದಲು ಹಾರ್ಮೋನುಗಳ ಖರ್ಚನ್ನು ಕಡಿತ ಮಾಡುತ್ತದೆ: ಮುಟ್ಟು ನಿಲ್ಲುತ್ತದೆ, ಈಸ್ಟ್ರೋಜನ್ ತಗ್ಗಿ ಮೂಳೆ ಸವೆಯುತ್ತದೆ, ಸೋಂಕು ಬೇಗ ತಗಲುತ್ತದೆ, ಮನಸ್ಸು ಕುಗ್ಗುತ್ತದೆ. ಗಂಡುಮಕ್ಕಳೂ ಇದರಿಂದ ಹೊರತಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಈ ಸ್ಥಿತಿಗೆ ‘ರೆಡ್-ಎಸ್’ (ಕ್ರೀಡೆಯಲ್ಲಿ ಉಂಟಾಗುವ ಸಾಪೇಕ್ಷ ಶಕ್ತಿಯ ಕೊರತೆ ಎಂಬರ್ಥದ ಇಂಗ್ಲಿಷ್ ಹೆಸರಿನ ಹ್ರಸ್ವರೂಪ) ಎಂಬ ಹೆಸರು ಕೊಟ್ಟರು. ಮೂರು ತಿಂಗಳು ಮುಟ್ಟಾಗದಿದ್ದರೆ ‘ಅಭ್ಯಾಸ ಜಾಸ್ತಿಯಾಗಿದೆ’ ಎಂದು ಸಮಾಧಾನ ಮಾಡಿಕೊಳ್ಳದೆ ವೈದ್ಯರನ್ನು ಕಾಣಿ. ಹಾಗೆಯೇ ಪಾದದಲ್ಲಾಗಲಿ ಕೆಳಗಾಲಿನಲ್ಲಾಗಲಿ ಒಂದೇ ಬೆರಳಿಟ್ಟು ತೋರಿಸಬಹುದಾದಷ್ಟು ಖಚಿತ ಜಾಗದಲ್ಲಿ ನೋವಿದ್ದು, ನೆಗೆದಾಗ ಅದು ಹೆಚ್ಚುತ್ತಿದ್ದರೆ, ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಅಂದಿನಿಂದಲೇ ನೆಗೆತಗಳನ್ನು ನಿಲ್ಲಿಸಿ ಮೂಳೆ ವೈದ್ಯರ ಬಳಿ ಹೋಗಿ. ಅವರಿಗೆ ನೋವಿನ ಜಾಗದ ಜೊತೆಗೆ ಕಳೆದ ಕೆಲವು ತಿಂಗಳ ಊಟ, ನಿದ್ದೆ, ಮುಟ್ಟಿನ ವಿವರಗಳನ್ನೂ ಹೇಳಿ.